ಬೋಲ್ಟು ಮತ್ತು ಹೊಳಪು

ಪ್ರಬಂಧ ಬರೆಯಹೊರಟವರು ಸಾಮಾನ್ಯವಾಗಿ ಮಳೆ, ಬೆಳದಿಂಗಳು, ತಾಯಿಯ ಪ್ರೀತಿ, ಪರೀಕ್ಷೆಯ ಭಯ ಇಂಥ ವಿಷಯಗಳನ್ನು ಆರಿಸಿಕೊಳ್ಳುತ್ತಾರೆ. ಬೋಲ್ಟಿನ ಮೇಲೆ ಬರೆದವರನ್ನು ನಾನಂತೂ ಕಾಣೆ. ಇದಕ್ಕೆ ಕಾರಣವೂ ಉಂಟು. ಬೋಲ್ಟು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವಷ್ಟು ಕಾಲ ಅದು ಅಲ್ಲಿ ಇದೆಯೆಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ. ಸಡಿಲಾದಾಗ ಮಾತ್ರ ಅದು ಮಾತನಾಡುತ್ತದೆ. ಕಳಚಿ ಬಿದ್ದಾಗ ಮಾತ್ರ ನಾವು ಅದನ್ನು ಹುಡುಕುತ್ತೇವೆ. ಹೀಗೆ ಯಾರ ಕಣ್ಣಿಗೂ ಬೀಳದೆ ಬಾಳುವ ಈ ವಸ್ತುವಿಗೂ ಒಂದಿಷ್ಟು ಹೊಳಪು ಬರಲಿ ಎಂಬ ಆಸೆ ಮನುಷ್ಯನಿಗೆ ಏಕೆ ಹುಟ್ಟುತ್ತದೆ? ಹುಟ್ಟಿದರೆ ಅದು ಬರಿಯ ಶೋಕಿಯೇ? ಈ ವರ್ಷದ ಫೆಬ್ರವರಿ ತಿಂಗಳಲ್ಲಿ ಈ ಪ್ರಶ್ನೆ ನಮ್ಮ ಮನೆಯ ಅಂಗಳದಲ್ಲಿಯೇ ಎದ್ದು ನಿಂತಿತು. ಅದನ್ನು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ನಮ್ಮ ಮನೆ ಇರುವುದು ಆಲಂಕಾರಿನಲ್ಲಿ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವವರು ಬಸ್ಸಿನ ಕಿಟಕಿಯಿಂದ ನಮ್ಮ ಪೇಟೆಯನ್ನು ನೋಡಿರುತ್ತಾರೆ. ಕೆಲವು ಅಂಗಡಿಗಳು, ಅಡಿಕೆ ತೋಟಗಳು, ರಬ್ಬರಿನ ಗುಡ್ಡಗಳು, ಆಚೆಗೆ ಕುಮಾರಧಾರೆ; ಇಷ್ಟು ಹೇಳಿದರೆ ಊರಿನ ಚಿತ್ರ ಸುಮಾರಾಗಿ ಮುಗಿಯಿತು. ಆದರೆ ಮಳೆಯನ್ನು ಬಿಟ್ಟರೆ ಆ ಚಿತ್ರ ಅಪೂರ್ಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಜೂನ್ ತಿಂಗಳಲ್ಲಿ ಹೊರಗೆ ಬಿಟ್ಟ ಕತ್ತಿಯನ್ನು ಸೆಪ್ಟೆಂಬರಿನಲ್ಲಿ ಕತ್ತಿಯೆಂದು ಗುರುತಿಸುವುದು ಕಷ್ಟ. ಇಂಥ ಸೀಮೆಯಲ್ಲಿ ಕಬ್ಬಿಣವನ್ನು ಇಟ್ಟುಕೊಂಡವನು ತುಕ್ಕಿನೊಡನೆ ನಿತ್ಯವೂ ವ್ಯಾಜ್ಯ ಹೂಡಿಕೊಂಡಂತೆಯೇ ಸರಿ.

ನನ್ನ ಅಣ್ಣನ ಹತ್ತಿರ ಒಂದು ಹಳೆಯ ಯೆಜ್ಡಿ ಮೋಟಾರು ಸೈಕಲ್ ಉಂಟು. ವಯಸ್ಸಿನಲ್ಲಿ ಅದು ನನಗಿಂತ ಹಿರಿದು. ಮನೆಯಲ್ಲಿ ಅದಕ್ಕೆ ಸಲ್ಲುವ ಮರ್ಯಾದೆಯೂ ಹಾಗೆಯೇ. ಅದರ ಹುಟ್ಟೂರು ಮೈಸೂರು. ಜೆಕೊಸ್ಲೊವಾಕಿಯ ದೇಶದ ಜಾವಾ ಗಾಡಿಯನ್ನು ನಮ್ಮ ನಾಡಿನಲ್ಲಿಯೇ ತಯಾರಿಸಲೆಂದು ರುಸ್ತುಂ ಇರಾನಿಯವರು ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಕಟ್ಟಿದರು. ಮರುವರ್ಷ ಗಾಡಿಗಳು ಹೊರಬಂದವು. ೧೯೭೦ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅನಂತರ ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಕಂಪೆನಿಯ ಮೂಲಕ ಮತ್ತೆ ರಸ್ತೆಗೆ ಬಂದಿವೆ; ಆದರೆ ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆಯ ಜೊತೆಗೆ ಒದೆಯುವ ಕಾಲಿಗೂ ಗೇರಿಗೂ ಒಂದೇ ಸಲಾಕೆ ಎಂಬ ಆ ಹಳೆಯ ವಿಚಿತ್ರ ನಮ್ಮ ಅಣ್ಣನ ಗಾಡಿಯಂಥವುಗಳಲ್ಲಿಯೇ ಉಳಿದಿದೆ.

ಅಣ್ಣ ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದಂತೆ ಮದ್ದು ಬಿಡುವ ಕೆಲಸ. ಗಾಡಿಯ ಹಿಂದೆ ಒಂದು ದಿನ ರಬ್ಬರ್ ಶೀಟಿನ ಕಟ್ಟು, ಒಂದು ದಿನ ಹಾಲನ್ನು ಗಟ್ಟಿ ಮಾಡುವ ಆಸಿಡ್ಡಿನ ಕ್ಯಾನು, ಮತ್ತೊಂದು ದಿನ ಮೈಲುತುತ್ತಿನ ಚೀಲ. ಮಳೆಯೊಂದೇ ಸಾಲದೆಂಬಂತೆ ಇವೂ ಸೇರಿ ಗಾಡಿಯ ಬೋಲ್ಟುಗಳನ್ನು ತಿಂದಿವೆ. ಅವುಗಳಲ್ಲಿ ಮೈಸೂರಿನಿಂದಲೇ ಬಂದವು ಕೆಲವು. ಪೇಟೆಯ ಗ್ಯಾರೇಜಿನ ಕಾಕನ ಡಬ್ಬದಿಂದ ಬಂದವು ಹಲವು. ಎಲ್ಲವೂ ಒಂದೇ ಬಣ್ಣಕ್ಕೆ ಇಳಿದಿವೆ. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ, ಹಳೆಯ ಸುಣ್ಣದ ಗೋಡೆಗೆ ಕೆಮ್ಮಣ್ಣು ಸಿಡಿದಂತೆ ಎನ್ನಬಹುದು.

ಈ ಬೋಲ್ಟುಗಳನ್ನೆಲ್ಲ ತೆಗೆದು ಕ್ರೋಮಿನ ಬೋಲ್ಟುಗಳನ್ನು ಹಾಕಿಸಬೇಕೆಂದು ಅಣ್ಣ ನಿಶ್ಚಯಿಸಿದ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪರಿಚಯದವರೊಬ್ಬರ ಕೈಯಲ್ಲಿ ಒಂದು ಕಟ್ಟು ತರಿಸಿಯೂ ಬಿಟ್ಟ. ಚಾಪೆಯ ಮೇಲೆ ಸುರಿದಾಗ ಅಮ್ಮ, "ಇದೆಂಥದು, ಮದುವೆ ಮನೆಯ ಬೆಳ್ಳಿಯಾ?" ಎಂದರು. ನಾವು ಮನೆಯಲ್ಲಿ ಆಡುವುದು ತುಳು. ವಾಚಕರ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

"ಅಷ್ಟು ದುಡ್ಡು ಏಕೆ ಹಾಕಿದೆ ಅಣ್ಣ?" ಎಂದು ನಾನು ಕೇಳಿದೆ.

"ನಿನ್ನ ಕಾಲೇಜಿನ ವಾರ್ಷಿಕೋತ್ಸವ ಇಲ್ಲವಾ? ಕೊನೆಯ ವರ್ಷದವರ ಮನೆಯವರೂ ಬರಬೇಕಂತೆ. ತುಕ್ಕಿನ ಗಾಡಿಯಲ್ಲಿ ಒಳಗೆ ಬರುವುದು ಹೇಗೆ ಮಾರಾಯ?" ಎಂದ.

ಮೂರು ವರ್ಷಗಳಲ್ಲಿ ಬಸ್ಸು ತಪ್ಪಿದ ದಿನವೆಲ್ಲ ಅಣ್ಣ ನನ್ನನ್ನು ಕಾಲೇಜಿಗೆ ಬಿಟ್ಟಿದ್ದಾನೆ. ಆದರೆ ಒಂದು ದಿನವಾದರೂ ಗೇಟಿನ ಒಳಗೆ ಬಂದವನಲ್ಲ. ರಸ್ತೆಯ ಬದಿಯ ಮರದ ಕೆಳಗೆ ನಿಲ್ಲಿಸಿ, ನಾನು ಇಳಿದ ಕೂಡಲೆ, "ಕೆಲಸಕ್ಕೆ ಹೊತ್ತಾಯಿತು" ಎಂದು ತಿರುಗಿಸಿಕೊಂಡು ಹೋಗುತ್ತಿದ್ದ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವನು ಅವನು. ಮನೆಯಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಈ ಎರಡು ಸಂಗತಿಗಳಿಗೆ ಇರುವ ಸಂಬಂಧವನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮ ಕಾಲೇಜಿನಲ್ಲಿ ಅನೇಕ ಮಿತ್ರರ ಮನೆಯ ಕಥೆಯೂ ಇದೇ.

ಬೋಲ್ಟಿನ ಕಟ್ಟನ್ನು ಹಿಡಿದುಕೊಂಡು ನಾವಿಬ್ಬರೂ ಗ್ಯಾರೇಜಿಗೆ ಹೋದೆವು. ಕಾಕ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ತಲೆಯನ್ನು ನೋಡಿದರು. "ಚಂದ ಉಂಟು. ಆದರೆ ಇದರ ತಲೆಯಲ್ಲಿ ನಂಬರೇ ಇಲ್ಲವಲ್ಲ!" ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ಬೋಲ್ಟಿಗೂ ನಮ್ಮ ಹಾಗೆ ಅಂಕಪಟ್ಟಿ ಇರುತ್ತದೆ; ನಮ್ಮದು ಪೆಟ್ಟಿಗೆಯಲ್ಲಿ ಇರುತ್ತದೆ, ಅದರದು ತಲೆಯ ಮೇಲೆಯೇ ಇರುತ್ತದೆ. ೮.೮ ಎಂದೋ ೧೦.೯ ಎಂದೋ ಕೆತ್ತಿರುವುದನ್ನು ನೀವು ನೋಡಿರಬಹುದು. ಮೊದಲನೆಯ ಅಂಕೆಯನ್ನು ನೂರರಿಂದ ಗುಣಿಸಿದರೆ, ಒಂದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಸೆಳೆತ ಬಂದಾಗ ಆ ಉಕ್ಕು ತುಂಡಾಗುತ್ತದೆಂಬುದು ತಿಳಿಯುತ್ತದೆ. ಚುಕ್ಕಿಯ ಮುಂದಿನ ಅಂಕೆ, ಆ ಬಲದ ಎಷ್ಟನೆಯ ಪಾಲಿನವರೆಗೆ ಅದು ಎಳೆದರೂ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆಂಬುದನ್ನು ಹೇಳುತ್ತದೆ. ೮.೮ರ ಬೋಲ್ಟಾದರೆ ೮೦೦ ನ್ಯೂಟನ್, ಅದರಲ್ಲಿ ಹತ್ತರಲ್ಲಿ ಎಂಟು ಪಾಲು. ಲೆಕ್ಕ ಹಾಕಿದರೆ, ಕಿರುಬೆರಳಿಗಿಂತ ಸಣ್ಣದಾದ ೮ ಮಿಲಿಮೀಟರಿನ ಬೋಲ್ಟು ತುಂಡಾಗಲು ಸುಮಾರು ಮೂರು ಟನ್ ಭಾರ ಬೇಕಾಗುತ್ತದೆ.

ಬೋಲ್ಟು ಎಳೆಯುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ನಾವು ಅದನ್ನು ಮೊಳೆಯ ತಮ್ಮನೆಂದು ತಿಳಿದಿದ್ದೇವೆ. ನಿಜವಾಗಿ ಅದು ಸ್ಪ್ರಿಂಗಿನ ಬಳಗಕ್ಕೆ ಸೇರಿದುದು. ಸ್ಪ್ಯಾನರಿನಿಂದ ಬಿಗಿಯುವಾಗ ಬೋಲ್ಟು ಕೂದಲೆಳೆಯಷ್ಟು ಉದ್ದವಾಗುತ್ತದೆ. ಮತ್ತೆ ಗಿಡ್ಡವಾಗಬೇಕೆಂದು ಅದು ಸದಾ ಹವಣಿಸುತ್ತಿರುತ್ತದೆ. ಆ ಹವಣಿಕೆಯೇ ಎರಡು ಭಾಗಗಳನ್ನು ಅಪ್ಪಿ ಹಿಡಿಯುತ್ತದೆ. ಹಾಗಾಗಿ ಗಾಡಿ ನಿಂತಿರುವಾಗಲೂ ಬೋಲ್ಟಿಗೆ ವಿಶ್ರಾಂತಿಯಿಲ್ಲ.

ಕ್ರೋಮಿನ ಅಂದಕ್ಕಾಗಿ ತಲೆಯನ್ನು ಕನ್ನಡಿಯಂತೆ ಉಜ್ಜುವಾಗ ಆ ಅಂಕೆಗಳು ಅಳಿಸಿಹೋಗುತ್ತವೆ. ಅದು ಗಟ್ಟಿಯೋ ಟೊಳ್ಳೋ ಹೊರಗಿನಿಂದ ಹೇಳುವವರಿಲ್ಲ. "ಮಾರ್ಕ್ಸ್ ಕಾರ್ಡ್ ಇಲ್ಲದವನನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು, ಆದರೆ ಬ್ರೇಕಿನ ಕೆಲಸಕ್ಕೆ ಅಲ್ಲ," ಎಂದು ಕಾಕ ನಕ್ಕರು.

ಇನ್ನು ಲೇಪದ ವಿಚಾರ. ನಾನು ಓದಿದ್ದು ಕಲಾ ವಿಭಾಗ. ಆದರೂ ಹೈಸ್ಕೂಲಿನ ವಿಜ್ಞಾನದ ಪಾಠ ಪೂರ್ಣವಾಗಿ ಮರೆತಿಲ್ಲ. ಮರೆತರೂ ಅಡಿಕೆ ತೋಟ ನೆನಪಿಸುತ್ತದೆ. ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು. ಆ ಕೆಂಪು ತಾಮ್ರ. ಮೈಲುತುತ್ತಿನೊಳಗಿನ ತಾಮ್ರ ಹೊರಬಂದು ಕಬ್ಬಿಣದ ಮೇಲೆ ಕುಳಿತು, ಅಷ್ಟೇ ಕಬ್ಬಿಣವನ್ನು ನೀರಿಗೆ ನೂಕಿದೆ. ಲೋಹಗಳಲ್ಲಿಯೂ ಒಂದು ಪಂಕ್ತಿಭೇದ ಉಂಟು: ಸತು, ಕಬ್ಬಿಣ, ನಿಕ್ಕಲ್, ತಾಮ್ರ. ಎರಡು ಲೋಹಗಳು ಒಟ್ಟಿಗೆ ನೀರಿನಲ್ಲಿ ನೆನೆದಾಗ, ಈ ಪಂಕ್ತಿಯಲ್ಲಿ ಮೊದಲಿರುವುದು ಕರಗುತ್ತದೆ, ಹಿಂದಿರುವುದು ಉಳಿಯುತ್ತದೆ.

ಕಾರ್ಖಾನೆಯ ಸಾಧಾರಣ ಬೋಲ್ಟಿಗೆ ಇರುವುದು ಸತುವಿನ ಲೇಪ. ಅದಕ್ಕೆ ಅಂದವಿಲ್ಲ, ಒಂದೆರಡು ಮಳೆಗಾಲದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಅದರ ಗುಣ ದೊಡ್ಡದು. ಸ್ಪ್ಯಾನರು ತಾಗಿ ಲೇಪ ಗೀರಿಹೋಗಿ ಕಬ್ಬಿಣ ಕಂಡರೂ, ಅಕ್ಕಪಕ್ಕದ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಅದು ಮಾಸುವುದೇ ಅದು ಕೆಲಸ ಮಾಡುತ್ತಿರುವುದಕ್ಕೆ ಸಾಕ್ಷಿ. ಕ್ರೋಮಿನ ಬೋಲ್ಟಿನ ರೀತಿ ಬೇರೆ. ಅದರಲ್ಲಿ ಸಾಮಾನ್ಯವಾಗಿ ಉಕ್ಕಿನ ಮೇಲೆ ತಾಮ್ರ, ತಾಮ್ರದ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮಿಯಂ. ನಾವು ನೋಡಿ ಮೆಚ್ಚುವ ಕ್ರೋಮಿಯಂ ಪದರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ತೆಳು. ತುಕ್ಕನ್ನು ತಡೆಯುವ ನಿಜವಾದ ಕೋಟೆ ಕೆಳಗಿನ ನಿಕ್ಕಲ್. ಕೋಟೆ ಗಟ್ಟಿಯಾಗಿರುವವರೆಗೆ ಎಲ್ಲವೂ ಕ್ಷೇಮ. ಎಲ್ಲಿಯಾದರೂ ಸೂಜಿಮೊನೆಯಷ್ಟು ತೂತಾದರೆ ಅಲ್ಲಿ ಕಬ್ಬಿಣವೇ ಪಂಕ್ತಿಯಲ್ಲಿ ಮೊದಲನೆಯದು. ಆದ್ದರಿಂದ ಅದೇ ಕರಗುತ್ತದೆ. ಮೇಲೆ ಹೊಳಪು ಹಾಗೆಯೇ ಇರುತ್ತದೆ, ಒಳಗಿನಿಂದ ತುಕ್ಕು ಏಳುತ್ತದೆ.

ಇನ್ನೊಂದು ಅಪಾಯವೂ ಉಂಟು. ಲೇಪ ಹಾಕುವ ತೊಟ್ಟಿಯಲ್ಲಿ ವಿದ್ಯುತ್ತು ಹರಿಯುವಾಗ ಹುಟ್ಟುವ ಜಲಜನಕ ಗಟ್ಟಿ ಉಕ್ಕಿನ ಒಳಗೆ ಸೇರಿಕೊಳ್ಳುತ್ತದೆ. ಲೇಪವಾದ ಮೇಲೆ ತಡಮಾಡದೆ ಸುಮಾರು ೨೦೦ ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಕಾಯಿಸಿದರೆ ಅದು ಹೊರಗೆ ಹೋಗುತ್ತದೆ. ಕಾಯಿಸದಿದ್ದರೆ, ಬಿಗಿದಿಟ್ಟ ಬೋಲ್ಟು ಒಂದು ದಿನ ಯಾವ ಸೂಚನೆಯನ್ನೂ ಕೊಡದೆ ಗಾಜಿನಂತೆ ಪಟ್ಟನೆ ಮುರಿಯಬಹುದು. ಪೇಟೆಯ ಕಟ್ಟಿನಲ್ಲಿ ಬಂದ ಬೋಲ್ಟನ್ನು ಕಾಯಿಸಿದ್ದಾರೆಯೇ ಎಂದು ಯಾರನ್ನು ಕೇಳುವುದು?

ಇಷ್ಟನ್ನು ಓದಿದ ಮೇಲೆ ವಾಚಕರು, "ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಉಂಟೇ?" ಎನ್ನಬಹುದು. ಪರೀಕ್ಷೆಯಲ್ಲಿ ಗಾದೆಯ ವಿಸ್ತರಣೆಗೆ ಇದು ಚೆನ್ನಾಗಿಯೇ ಒದಗುತ್ತದೆ. ಆದರೆ ನನಗೆ ಅಷ್ಟು ಸುಲಭವಾಗಿ ಒಪ್ಪಲು ಮನಸ್ಸಿಲ್ಲ. ಕ್ರೋಮಿಯಂ ಪಾಪ ಅಂಥ ಠಕ್ಕ ಲೋಹವಲ್ಲ. ಫ್ರಾನ್ಸಿನ ವೋಕ್ಲೆನ್ ಎಂಬ ರಸಾಯನಶಾಸ್ತ್ರಜ್ಞನು ೧೭೯೭ರಲ್ಲಿ ಸೈಬೀರಿಯದ ಒಂದು ಕೆಂಪು ಅದಿರಿನಲ್ಲಿ ಇದನ್ನು ಕಂಡುಹಿಡಿದನು. ಇದರಿಂದ ಹುಟ್ಟುವ ಬಣ್ಣಗಳ ವೈವಿಧ್ಯಕ್ಕಾಗಿಯೇ, ಗ್ರೀಕ್ ಭಾಷೆಯಲ್ಲಿ ಬಣ್ಣವೆಂಬ ಅರ್ಥದ ಹೆಸರು ಇದಕ್ಕೆ ಬಂತು. ಮಾಣಿಕ್ಯದ ಕೆಂಪು ಇದರಿಂದಲೇ. ಇದರ ಅದಿರು ನಮ್ಮ ಹಾಸನ ಜಿಲ್ಲೆಯ ಬೈರಾಪುರದ ಗಣಿಯಲ್ಲಿಯೂ ಸಿಕ್ಕಿದೆ. ಉಕ್ಕಿನೊಡನೆ ನೂರಕ್ಕೆ ಹತ್ತೂವರೆ ಪಾಲು ಅಥವಾ ಅದಕ್ಕಿಂತ ಹೆಚ್ಚು ಬೆರೆತರೆ ಅದು ಸ್ಟೈನ್‌ಲೆಸ್ ಸ್ಟೀಲ್. ನಮ್ಮ ಊಟದ ತಟ್ಟೆ. ಕೆಲವು ಸತುವಿನ ಬೋಲ್ಟುಗಳ ಮೇಲೆ ಕಾಣುವ ಹಳದಿ ಛಾಯೆಯೂ ಕ್ರೋಮಿಯಮ್ಮಿನದೇ. ಅಲ್ಲಿ ಅದು ಹೊಳಪಿನ ಹಂಗಿಲ್ಲದೆ ಸತುವನ್ನು ಕಾಯುವ ಕೆಲಸ ಮಾಡುತ್ತದೆ. ಒಂದೇ ಲೋಹ ಒಂದು ಕಡೆ ಒಡವೆ, ಒಂದು ಕಡೆ ಕಾವಲುಗಾರ, ಒಂದು ಕಡೆ ಉಕ್ಕಿನ ರಕ್ತದೊಳಗೇ ಸೇರಿದ ಗುಣ. ಅದನ್ನು ಎಲ್ಲಿ ಇಡಬೇಕೆಂಬ ವಿವೇಕ ನಮ್ಮದಾಗಬೇಕು.

ಮೈಸೂರಿನ ಕಾರ್ಖಾನೆಯವರೂ ಹೊಳಪಿನ ವೈರಿಗಳಾಗಿರಲಿಲ್ಲ. ಹೊಗೆ ಕೊಳವೆಗೆ, ಹ್ಯಾಂಡಲಿಗೆ, ದೀಪದ ಬಳೆಗೆ ಅವರು ಧಾರಾಳವಾಗಿ ಕ್ರೋಮ್ ಹಾಕಿದರು. ಹಳೆಯ ಜಾವಾ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಪಕ್ಕೆಗಳಿಗೂ ಹಾಕಿದ್ದರು. ಭಾರ ಹೊರುವ ಬೋಲ್ಟುಗಳನ್ನು ಮಾತ್ರ ಮಂಕಾಗಿಯೇ ಬಿಟ್ಟರು. ಕಂಡರೆ ಸಾಕಾದದ್ದು ಯಾವುದು, ಹಿಡಿದೇ ತೀರಬೇಕಾದದ್ದು ಯಾವುದು ಎಂಬ ಲೆಕ್ಕ ಅವರಿಗೆ ಇತ್ತು. ಕಾಕನೂ ಅದೇ ಲೆಕ್ಕವನ್ನು ಹಿಡಿದು ಎರಡು ಡಬ್ಬ ಮುಂದಿಟ್ಟರು.

ಒಂದು ಡಬ್ಬ ಕ್ರೋಮಿಗೆ ಸಲ್ಲುವ ಜಾಗಗಳದು: ಇಂಜಿನಿನ ಪಕ್ಕದ ಮುಚ್ಚಳಗಳು, ಮಡ್‌ಗಾರ್ಡ್, ನಂಬರ್ ಪ್ಲೇಟು, ಟೂಲ್ ಬಾಕ್ಸು, ಚೈನಿನ ಮುಚ್ಚಳ. ಇಲ್ಲಿ ಬೋಲ್ಟಿಗೆ ಭಾರ ಕಡಮೆ, ಕಾಣುವಿಕೆ ಹೆಚ್ಚು. ಇನ್ನೊಂದು ಡಬ್ಬ ಮುಟ್ಟಬಾರದ ಜಾಗಗಳದು: ಎರಡು ಚಕ್ರಗಳ ಆಕ್ಸಲು, ಬ್ರೇಕ್ ಪ್ಲೇಟನ್ನು ಹಿಡಿಯುವ ಸಲಾಕೆ, ಇಂಜಿನನ್ನು ಚೌಕಟ್ಟಿಗೆ ಕಟ್ಟಿದ ಬೋಲ್ಟುಗಳು, ಹ್ಯಾಂಡಲಿನ ಹಿಡಿ. ಅವುಗಳಲ್ಲಿ ಸವೆದವನ್ನು ತೆಗೆದು, ತಲೆಯ ಮೇಲೆ ೮.೮ ಎಂದಿರುವ ಹೊಸ ಸತುವಿನ ಬೋಲ್ಟು ಹಾಕುವುದೆಂದಾಯಿತು.

ಕೆಲಸಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಮುಚ್ಚಳದ ಬೋಲ್ಟುಗಳನ್ನು ಕಾಕ ಒಟ್ಟಿಗೆ ಬಿಚ್ಚಲಿಲ್ಲ. ಒಂದನ್ನು ಬಿಚ್ಚುವುದು, ಅದರ ಪಕ್ಕದಲ್ಲಿ ಹೊಸದನ್ನು ಇಟ್ಟು ಉದ್ದವನ್ನು ಅಳೆಯುವುದು, ತೂತನ್ನು ಬಟ್ಟೆಯಿಂದ ಒರಸಿ ತುಸು ಗ್ರೀಸ್ ಹಚ್ಚುವುದು, ಕೈಯಿಂದಲೇ ಹಲವು ಸುತ್ತು ತಿರುಗಿಸಿದ ಮೇಲೆ ಅಲನ್ ಕೀ ಹಿಡಿಯುವುದು. ಉದ್ದ ಹೆಚ್ಚಾದರೆ ಬೋಲ್ಟಿನ ತುದಿ ತೂತಿನ ತಳಕ್ಕೆ ತಾಗಿ, ಬಿಗಿಯಾದಂತೆ ಕಾಣುತ್ತದೆಯೇ ಹೊರತು ಮುಚ್ಚಳವನ್ನು ಹಿಡಿಯುವುದಿಲ್ಲ. ಇಂಜಿನಿನ ಮೈ ಅಲ್ಯುಮಿನಿಯಂ. ಬಲ ಹೆಚ್ಚು ಹಾಕಿದರೆ ಮರೆಯೇ ಕಿತ್ತುಬರುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಒಂದರ ಎದುರು ಒಂದರಂತೆ ಅಡ್ಡಡ್ಡವಾಗಿ ಬಿಗಿದರು. ಯಾವ ತರಗತಿಯಲ್ಲಿಯೂ ಇಷ್ಟು ತಾಳ್ಮೆಯ ಪಾಠವನ್ನು ನಾನು ಕೇಳಿಲ್ಲವೆಂದರೆ ಅಧ್ಯಾಪಕರು ಕ್ಷಮಿಸಬೇಕು.

ಎಲ್ಲ ಮುಗಿದಾಗ ಅಣ್ಣನಿಗೆ ಒಂದೇ ಕೊರತೆ ಕಂಡಿತು. ಹಿಂದಿನ ಚಕ್ರದ ಆಕ್ಸಲಿನ ದೊಡ್ಡ ನಟ್ಟು, ಸುತ್ತಲಿನ ಹೊಳಪಿನ ನಡುವೆ, ಮೊದಲಿಗಿಂತಲೂ ಮಂಕಾಗಿ ಕಾಣುತ್ತಿತ್ತು. "ಇದೊಂದನ್ನು ಬದಲಾಯಿಸುವುದಾ ಕಾಕ?" ಎಂದ. ಕಾಕ ತಲೆಯಲ್ಲಾಡಿಸಿದರು. ಆಮೇಲೆ ಮೂಲೆಯ ಡಬ್ಬವನ್ನು ತಡಕಿ, ನಟ್ಟಿನ ಮೇಲೆ ಒತ್ತಿ ಕೂರಿಸುವ ಒಂದು ಕ್ರೋಮಿನ ಟೊಪ್ಪಿಯನ್ನು ತೆಗೆದು ಸಿಕ್ಕಿಸಿದರು. ನಟ್ಟು ಅದೇ, ಬಿಗಿ ಅದೇ. ಮೇಲೆ ಟೊಪ್ಪಿ ಬಂತು, ಅಷ್ಟೆ. ಘಟಿಕೋತ್ಸವದ ದಿನ ನಮ್ಮ ತಲೆಗೆ ಇಡುವ ಟೊಪ್ಪಿಯ ನೆನಪಾಗಿ ನನಗೆ ನಗು ಬಂತು. ಆ ಟೊಪ್ಪಿಯನ್ನು ಹಾಕಿಕೊಳ್ಳಲು ನಾನು ಈಗ ಹೆದರುವುದಿಲ್ಲ. ಅದರ ಕೆಳಗೆ ಬಿಗಿದು ಹಿಡಿದುಕೊಂಡಿರುವುದು ಏನೆಂದು ನೆನಪಿದ್ದರೆ ಟೊಪ್ಪಿಯಿಂದ ಯಾವ ದೋಷವೂ ಇಲ್ಲ. ನಮ್ಮ ಮನೆಯಲ್ಲಿ ಮೊದಲು ಮಾಸಿದವರು ಯಾರು, ಅವರು ಮಾಸಿದ್ದರಿಂದ ತುಕ್ಕು ಹಿಡಿಯದೆ ಉಳಿದವರು ಯಾರು ಎಂಬುದು ನನಗೆ ಚೆನ್ನಾಗಿ ಗೊತ್ತು.

ಕಾಕ ಕೂಲಿ ತೆಗೆದುಕೊಂಡರು, ಟೊಪ್ಪಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಬಿಚ್ಚಿದ ಹಳೆಯ ಬೋಲ್ಟುಗಳಲ್ಲಿ ಮರೆ ಗಟ್ಟಿಯಿರುವವನ್ನು ಅಣ್ಣ ಆರಿಸಿ, ಎಣ್ಣೆ ಸವರಿ, ಒಂದು ಬಾಟಲಿಯಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದಾನೆ. "ಮಳೆಗಾಲ ಒಂದು ಕಳೆಯಲಿ, ಹೊಳಪು ನಿಂತರೆ ನಿಲ್ಲಲಿ, ಇಲ್ಲದಿದ್ದರೆ ಇವು ಉಂಟಲ್ಲ," ಎನ್ನುತ್ತಾನೆ. ಮದ್ದು ಬಿಡುವ ದಿನಗಳಲ್ಲಿ ಗಾಡಿಯನ್ನು ಸಂಜೆ ತೊಳೆದು ಒರಸಬೇಕೆಂಬ ಕರಾರು ನನ್ನ ಪಾಲಿಗೆ ಬಂದಿದೆ. ಪರೀಕ್ಷೆ ಮುಗಿದಿರುತ್ತದೆ, ನಾನೂ ಒಪ್ಪಿದ್ದೇನೆ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ವಾರ್ಷಿಕೋತ್ಸವ ಮುಗಿದಿರುತ್ತದೆ. ಅಂದು ಗೇಟಿನ ಒಳಗೆ, ಅಧ್ಯಾಪಕರ ವಾಹನಗಳ ಸಾಲಿನ ಕೊನೆಯಲ್ಲಿ, ಎರಡು ಹೊಗೆ ಕೊಳವೆಯ ಒಂದು ಹಳೆಯ ಗಾಡಿ ನಿಂತಿದ್ದುದನ್ನು ನೀವು ಕಂಡಿದ್ದರೆ, ಅದರ ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ನಿಂತಿದ್ದವನೊಡನೆ ಒಂದು ಮಾತನಾಡಿರಬಹುದು. ಆಡಿದ್ದರೆ ನಿಮಗೆ ನನ್ನ ನಮಸ್ಕಾರಗಳು.